ಐದು ವರ್ಷ ಹೈಬ್ರಿಡ್, ಮೂರು ವರ್ಷ ಎಲೆಕ್ಟ್ರಿಕ್: ಎರಡನ್ನೂ ಓಡಿಸಿದವರ ಅನುಭವ

ನನ್ನ ಹಿಂದಿನ ಕಾರು ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟರ್ ಕೂಡ ಇರುವುದು. ಐದು ವರ್ಷದಲ್ಲಿ 70,000 ಕಿ.ಮೀ. ಓಡಿಸಿದೆ. ಈಗಿನದು ಪೂರ್ತಿ ಎಲೆಕ್ಟ್ರಿಕ್. ಮೂರು ವರ್ಷವಾಯಿತು, 48,000 ಕಿ.ಮೀ. ದಾಟಿದೆ. ಎರಡರಲ್ಲೂ ಬ್ಯಾಟರಿ ಇದೆ, ಎರಡರಲ್ಲೂ ಮೋಟರ್ ಇದೆ, ಮತ್ತೆ ವ್ಯತ್ಯಾಸ ಏನು ಅಂತ ತುಂಬಾ ಜನ ಕೇಳುತ್ತಾರೆ. ನಾನು ಅವರಿಗೆ ಮೈಲೇಜ್ ಲೆಕ್ಕ ಹೇಳುವುದಿಲ್ಲ. ರಾತ್ರಿ ನಿಮ್ಮ ಕಾರು ಎಲ್ಲಿ ನಿಲ್ಲುತ್ತದೆ ಎಂದು ಕೇಳುತ್ತೇನೆ.

ಹೈಬ್ರಿಡ್ ಎಂದರೆ ಕೊನೆಗೂ ಪೆಟ್ರೋಲ್ ಕಾರೇ. ನನ್ನ ಕಾರಿನ ಬ್ಯಾಟರಿಯಲ್ಲಿ ಹಿಡಿಸುತ್ತಿದ್ದದ್ದು ಒಂದೂವರೆ ಯೂನಿಟ್‌ಗಿಂತ ಕಡಿಮೆ ಕರೆಂಟ್. ಈಗಿನ ಎಲೆಕ್ಟ್ರಿಕ್ ಕಾರಿನಲ್ಲಿ 50 ಯೂನಿಟ್ ಹಿಡಿಸುತ್ತದೆ. ಹೈಬ್ರಿಡ್ 'ತಾನೇ ಚಾರ್ಜ್ ಮಾಡಿಕೊಳ್ಳುತ್ತದೆ' ಎನ್ನುತ್ತಾರಲ್ಲ, ಆ ಮಾತು ಜನರನ್ನು ದಾರಿ ತಪ್ಪಿಸುತ್ತದೆ. ಅದರೊಳಗಿನ ಕರೆಂಟ್ ಕೂಡ ಪೆಟ್ರೋಲಿನಿಂದಲೇ ಬಂದದ್ದು. ಬ್ರೇಕ್ ಒತ್ತಿದಾಗ ಮಾಮೂಲಿ ಕಾರಿನಲ್ಲಿ ಶಾಖವಾಗಿ ಹೋಗುವ ಶಕ್ತಿಯಲ್ಲಿ ಒಂದಷ್ಟನ್ನು ಇದು ಹಿಡಿದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಹೊರಡುವಾಗ ಅದನ್ನೇ ಬಳಸುತ್ತದೆ. ಅದಕ್ಕೇ ಸಿಗ್ನಲ್, ಟ್ರಾಫಿಕ್ ಜಾಸ್ತಿ ಇರುವ ಕಡೆ ಹೈಬ್ರಿಡ್ ಚೆನ್ನಾಗಿ ಉಳಿಸುತ್ತದೆ. ಬ್ರೇಕೇ ಬೇಡದ ನೇರ ಹೆದ್ದಾರಿಯಲ್ಲಿ ಲಾಭ ಕಡಿಮೆ.

ಟೊಯೊಟಾ ಪ್ರಿಯಸ್ ಎಂಬ ಹೈಬ್ರಿಡ್ ಕಾರು 1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಅಂದರೆ ಈ ತಂತ್ರಜ್ಞಾನ ಪಳಗಿ ಕಾಲು ಶತಮಾನದ ಮೇಲಾಯಿತು. ಓಡಿಸುವಾಗ ಅದು ಗೊತ್ತಾಗುತ್ತದೆ. ಎಂಜಿನ್ ಯಾವಾಗ ನಿಂತಿತು, ಯಾವಾಗ ಶುರುವಾಯಿತು ಎಂದು ಕಿವಿಗೊಟ್ಟು ಕೇಳಿದರೆ ಮಾತ್ರ ತಿಳಿಯುತ್ತಿತ್ತು. ಪೆಟ್ರೋಲ್ ಹಾಕಿಸು, ಹೋಗು, ಅಷ್ಟೇ.

ನನಗೆ ಬಂದ ದೊಡ್ಡ ತೊಂದರೆ ಒಂದೇ. ಹಿಂದಿನ ಸೀಟಿನ ಪಕ್ಕದಲ್ಲಿ ಒಂದು ಸಣ್ಣ ಜಾಲರಿ ಇತ್ತು. ಬ್ಯಾಟರಿಯನ್ನು ತಂಪಾಗಿಡುವ ಫ್ಯಾನ್ ಅಲ್ಲಿಂದಲೇ ಗಾಳಿ ಎಳೆಯುತ್ತದೆ. ನಾಲ್ಕನೇ ವರ್ಷದ ಬೇಸಿಗೆಯಲ್ಲಿ ಆ ಫ್ಯಾನ್ ಜೋರಾಗಿ ಸದ್ದು ಮಾಡತೊಡಗಿತು, ಆಮೇಲೆ ಎಚ್ಚರಿಕೆಯ ದೀಪ ಬಂತು. ಬಿಚ್ಚಿ ನೋಡಿದರೆ ಫಿಲ್ಟರ್ ಪೂರ್ತಿ ಧೂಳು, ಕೂದಲು. ಅಷ್ಟು ಸಲ ಸರ್ವಿಸ್ ಮಾಡಿಸಿದ್ದರೂ ಒಮ್ಮೆಯೂ ಅದನ್ನು ಯಾರೂ ತೆಗೆದು ನೋಡಿರಲಿಲ್ಲ. ನನಗೆ ನಿಜವಾಗಿ ಬೇಜಾರಾಯಿತು. ಹತ್ತು ನಿಮಿಷದ ಕೆಲಸ ಅದು, ಆದರೆ ಬ್ಯಾಟರಿಯ ಆಯಸ್ಸು ಅದರ ಮೇಲೆ ನಿಂತಿದೆ. ನಿಮ್ಮ ಹೈಬ್ರಿಡ್‌ನಲ್ಲೂ ಅಂಥ ಜಾಲರಿ ಇದ್ದರೆ ಅದರ ಮೇಲೆ ಚೀಲ, ಬಟ್ಟೆ ಇಡಬೇಡಿ.

ಎಲೆಕ್ಟ್ರಿಕ್ ಕಾರು ಬಂದ ಮೇಲೆ ಬದಲಾದದ್ದು ನನ್ನ ಅಭ್ಯಾಸ. ದಿನಕ್ಕೆ ಸುಮಾರು 40 ಕಿ.ಮೀ. ಓಡಾಟ, ಆರು ಯೂನಿಟ್ ಸಾಕು. ರಾತ್ರಿ ಪ್ಲಗ್ ಹಾಕಿ ಮಲಗಿದರೆ ಬೆಳಿಗ್ಗೆ ಸಿದ್ಧ. ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಕಾರು ನಿಧಾನವಾಗುತ್ತದೆ, ಬ್ಯಾಟರಿಗೆ ಒಂದಿಷ್ಟು ಕರೆಂಟ್ ವಾಪಸ್ ಹೋಗುತ್ತದೆ. ಆ ನಿಶ್ಶಬ್ದ, ಆ ಎಳೆತ ಒಮ್ಮೆ ರೂಢಿಯಾದರೆ ಹಿಂದಕ್ಕೆ ಹೋಗಲು ಮನಸ್ಸೇ ಬರುವುದಿಲ್ಲ.

ದೂರದ ಪ್ರಯಾಣ ಕಲಿಯಲು ಮಾತ್ರ ಸ್ವಲ್ಪ ಸಮಯ ಬೇಕಾಯಿತು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋದರೆ ಪೂರ್ತಿ ಚಾರ್ಜ್‌ಗೆ ನನಗೆ 350 ಕಿ.ಮೀ. ಸಿಗುತ್ತದೆ. ಅದೇ 110ರಲ್ಲಿ ಹೋದರೆ 260 ದಾಟುವುದೇ ಕಷ್ಟ. ವೇಗ ಏರಿದಂತೆ ಗಾಳಿಯ ತಡೆ ವೇಗದ ವರ್ಗದ (ವೇಗ × ವೇಗ) ಲೆಕ್ಕದಲ್ಲಿ ಏರುತ್ತದೆ. 80ರಿಂದ 110ಕ್ಕೆ ಹೋದರೆ ಹತ್ತಿರ ಹತ್ತಿರ ಎರಡು ಪಟ್ಟು. ಇನ್ನೊಂದು ಪಾಠ: ಫಾಸ್ಟ್ ಚಾರ್ಜರ್‌ನಲ್ಲಿ 80 ಶೇಕಡಾ ಆದ ಮೇಲೆ ಕಾಯಬೇಡಿ. ಅಲ್ಲಿಂದ ಬ್ಯಾಟರಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಮೊದಲ ಪ್ರಯಾಣದಲ್ಲಿ 100 ಆಗಲೇಬೇಕೆಂದು ಕೂತಿದ್ದೆ. 10ರಿಂದ 80ಕ್ಕೆ ಹಿಡಿದಷ್ಟೇ ಹೊತ್ತು ಆ ಕೊನೆಯ 20ಕ್ಕೂ ಹಿಡಿಯಿತು.

ಒಂದು ಬೆಳಿಗ್ಗೆ ಕಾರಿನ ಬಾಗಿಲೇ ತೆರೆಯಲಿಲ್ಲ. ದೊಡ್ಡ ಬ್ಯಾಟರಿ 60 ಶೇಕಡಾ ಇತ್ತು, ಸತ್ತದ್ದು ಮೂಲೆಯ 12 ವೋಲ್ಟ್ ಬ್ಯಾಟರಿ. ಲಾಕು, ದೀಪ, ಕಂಪ್ಯೂಟರ್ ಎಲ್ಲ ಅದರ ಮೇಲೇ ನಡೆಯುವುದು. ಟೈರ್ ಕೂಡ ಬೇಗ ಸವೆದವು, 35,000ಕ್ಕೇ ಬದಲಿಸಿದೆ. ತೂಕವೂ ಜಾಸ್ತಿ, ಎಳೆತವೂ ಜಾಸ್ತಿ ಅಲ್ವಾ. ಬ್ಯಾಟರಿ ಬಗ್ಗೆ ನನಗಿದ್ದ ಭಯ ಮಾತ್ರ ಸುಳ್ಳಾಯಿತು. ಮೂರು ವರ್ಷದಲ್ಲಿ ರೇಂಜ್ (ಪೂರ್ತಿ ಚಾರ್ಜ್‌ಗೆ ಸಿಗುವ ದೂರ) ಶೇಕಡಾ ಐದರಷ್ಟು ಇಳಿದಿರಬಹುದು.

ಎರಡನೇ ವರ್ಷ ಆರು ತಿಂಗಳು ಬೇರೆ ಮನೆಯಲ್ಲಿದ್ದೆ. ಅಲ್ಲಿ ಪಾರ್ಕಿಂಗ್‌ನಲ್ಲಿ ಪ್ಲಗ್ ಇರಲಿಲ್ಲ. ಅದೇ ಕಾರು, ಅದೇ ಓಡಾಟ, ಆದರೆ ಪ್ರತಿ ವಾರ ಹೊರಗಿನ ಚಾರ್ಜರ್ ಹುಡುಕಬೇಕು. ಒಮ್ಮೆ ಸರದಿಯಲ್ಲಿ ನನಗಿಂತ ಮುಂದೆ ಎರಡು ಕಾರು, ಒಮ್ಮೆ ಯಂತ್ರವೇ ಕೆಟ್ಟಿದೆ. ಮನೆಗಿಂತ ದರವೂ ಜಾಸ್ತಿ. ಆ ಆರು ತಿಂಗಳು ಹೈಬ್ರಿಡ್ ಬಹಳ ನೆನಪಾಯಿತು. ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ ಎಂದು ನಾನು ಕೇಳುವುದು ಇದಕ್ಕೇ.

ಎರಡರ ನಡುವಿನದು ಪ್ಲಗ್-ಇನ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಪ್ಲಗ್ ಹಾಕಿ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಕಾರು. ಅದು ನನ್ನ ಬಳಿ ಇಲ್ಲ, ಸ್ನೇಹಿತರದನ್ನು ಓಡಿಸಿದ್ದೇನೆ. ದಿನಾ ಚಾರ್ಜ್ ಮಾಡುವವರಿಗೆ ಒಳ್ಳೆಯದು. ಮಾಡದಿದ್ದರೆ ದೊಡ್ಡ ಬ್ಯಾಟರಿಯನ್ನು ಸುಮ್ನೆ ಹೊತ್ತು ತಿರುಗಿದಂತೆ. ಇನ್ನು 'ಮೈಲ್ಡ್ ಹೈಬ್ರಿಡ್' ಎಂಬ ಹೆಸರು ಕಂಡರೆ ಒಂದೇ ಪ್ರಶ್ನೆ ಕೇಳಿ: ಎಂಜಿನ್ ಆಫ್ ಆಗಿರುವಾಗ ಬರೀ ಮೋಟರ್ ಈ ಕಾರನ್ನು ಎಳೆಯುತ್ತದಾ? ಸಾಮಾನ್ಯವಾಗಿ ಇಲ್ಲ. ಅಲ್ಲಿ ಮೋಟರ್ ಎಂಜಿನ್‌ಗೆ ನೆರವಾಗುತ್ತದೆ, ಅಷ್ಟೇ.

ನನ್ನ ಹೈಬ್ರಿಡ್ ಈಗ ತಂಗಿಯ ಬಳಿ ಇದೆ. ಅವಳು ಕಾರು ನಿಲ್ಲಿಸುವುದು ರಸ್ತೆ ಬದಿಯಲ್ಲಿ, ಅಲ್ಲಿಗೆ ವೈರ್ ಎಳೆಯುವಂತಿಲ್ಲ. ಅವಳಿಗೆ ಅದೇ ಸರಿ. ವರ್ಷಕ್ಕೊಮ್ಮೆ ಹೋದಾಗ ಆ ಜಾಲರಿ ಬಿಚ್ಚಿ ಫಿಲ್ಟರ್ ಕ್ಲೀನ್ ಮಾಡಿಕೊಟ್ಟು ಬರುತ್ತೇನೆ.