ಇನ್ಸುಲಿನ್ ನೆರವು ಕೊಡಿಸ್ತೀವಿ ಅಂತ ಯಾರಾದ್ರೂ ತಿಂಗಳು ತಿಂಗಳು ದುಡ್ಡು ಕೇಳಿದರೆ ಹುಷಾರ್

ಔಷಧಿ ಕೊಳ್ಳೋಕೆ ಆಗದವರಿಗೆ ಅಂತ ಔಷಧಿ ಕಂಪನಿಗಳು ನಡೆಸುವ ನೆರವು ಯೋಜನೆಗೆ ಅರ್ಜಿ ಹಾಕೋಕೆ ಸಾಮಾನ್ಯವಾಗಿ ಬಿಡಿಗಾಸೂ ಕೊಡಬೇಕಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇದೊಂದು ವಿಷಯ ಜನರಿಗೆ ಗೊತ್ತಿಲ್ಲ ಅನ್ನೋದೇ ಕೆಲವರಿಗೆ ಬಂಡವಾಳ.

ನನ್ನ ತಮ್ಮನಿಗೆ ಟೈಪ್ 1 ಡಯಾಬಿಟಿಸ್. ಇನ್ಸುಲಿನ್ ಇಲ್ಲದೆ ಅವನಿಗೆ ಬದುಕಿಲ್ಲ. ಕೆಲಸ ಹೋದ ಮೇಲೆ ಔಷಧಿ ಖರ್ಚು ಕೈಮೀರಿತು. ಆಗ ಸಿಕ್ಕಿದ್ದು ಒಂದು ‘ನೆರವು ಸೇವೆ’. ಫೋನಿನಲ್ಲಿ ಬೆಣ್ಣೆಯಂಥ ಮಾತು. “ಚಿಂತೆ ಬಿಡಿ ಸರ್, ಇನ್ಸುಲಿನ್, ಬಿಪಿ ಮಾತ್ರೆ ಎಲ್ಲಾ ನಾವೇ ಕೊಡಿಸ್ತೀವಿ. ತಿಂಗಳಿಗಿಷ್ಟು ಅಂತ ಕಟ್ತಾ ಇರಿ, ಸಾಕು.” ಅವತ್ತೇ ಕಾರ್ಡ್ ನಂಬರ್ ತೆಗೆದುಕೊಂಡರು.

ದುಡ್ಡು ತಪ್ಪದೆ ಕಟ್ ಆಗುತ್ತಿತ್ತು. ಔಷಧಿ ಮಾತ್ರ ಬರಲಿಲ್ಲ. ಕೇಳಿದಾಗಲೆಲ್ಲ “ಪ್ರಾಸೆಸ್ ಆಗ್ತಿದೆ ಸರ್”. ಕೊನೆಗೆ ನಾನೇ ಇನ್ಸುಲಿನ್ ಡಬ್ಬಿಯ ಮೇಲಿದ್ದ ಕಂಪನಿ ನಂಬರಿಗೆ ಫೋನ್ ಮಾಡಿದೆ. ಅರ್ಜಿ ಬಂದಿದೆ, ಆದರೆ ಡಾಕ್ಟರ್ ತುಂಬಿ ಸಹಿ ಹಾಕಬೇಕಾದ ಪುಟ ಪೂರ್ತಿ ಖಾಲಿ, ಆದಾಯದ ದಾಖಲೆಯೂ ಇಲ್ಲ ಎಂದರು. ಅಂದರೆ ಇವರು ದುಡ್ಡು ತೆಗೆದುಕೊಂಡು ಮಾಡಿದ್ದು ತಮ್ಮನ ಹೆಸರು, ವಿಳಾಸ ಬರೆದದ್ದಷ್ಟೇ. ಹೆಸರಿನ ಸ್ಪೆಲ್ಲಿಂಗೂ ತಪ್ಪು!

ಜಗಳಕ್ಕೆ ನಿಂತಾಗ ಅವರ ಕರಾರನ್ನು ತೋರಿಸಿದರು. ಕೊನೇ ಪುಟದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಇತ್ತು: ಶುಲ್ಕ ಕಾಗದಪತ್ರದ ಕೆಲಸಕ್ಕೆ ಮಾತ್ರ, ಔಷಧಿ ಸಿಗುವ ಖಾತ್ರಿ ಇಲ್ಲ, ಹಣ ವಾಪಸ್ ಇಲ್ಲ.

ದುಡ್ಡು ಹೋಗಲಿ ಬಿಡಿ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾಯುತ್ತಾ ತಮ್ಮ ಯಾರಿಗೂ ಹೇಳದೆ ಡೋಸ್ ಕಡಿಮೆ ಮಾಡಿಕೊಂಡಿದ್ದ. ಒಂದು ದಿನ ವಾಂತಿ ಶುರುವಾಯಿತು. ಉಸಿರು ಆಳವಾಗಿ, ಜೋರಾಗಿ ಎಳೆಯುತ್ತಿದ್ದ. ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ. ಇನ್ಸುಲಿನ್ ಸಾಲದೆ, ದೇಹ ಕೊಬ್ಬು ಕರಗಿಸಿದಾಗ ಹುಟ್ಟುವ ಕೀಟೋನ್ ರಕ್ತದಲ್ಲಿ ಏರಿದಾಗ ಹೀಗಾಗುತ್ತದೆ, ತಡವಾದರೆ ಜೀವಕ್ಕೇ ಕುತ್ತು. ಆಸ್ಪತ್ರೆಗೆ ಸೇರಿಸಿ ಉಳಿಸಿಕೊಂಡೆವು.

ಇಷ್ಟಾದ ಮೇಲೂ ಆ ಪುಣ್ಯಾತ್ಮರು ಬಿಡಲಿಲ್ಲ. “ಸಮಾಧಾನಕ್ಕೆ” ಅಂತ ಕಡಿಮೆ ರೇಟಿಗೆ ಇನ್ಸುಲಿನ್ ಬಾಟಲಿ ಕಳಿಸಿದರು. ಪಾರ್ಸೆಲ್ ಬೆಚ್ಚಗಿತ್ತು, ಒಳಗೆ ಐಸ್ ಪ್ಯಾಕ್ ಇಲ್ಲ. ಸೀಲ್ ಒಡೆಯದ ಇನ್ಸುಲಿನ್ ಇಡಬೇಕಾದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಿಸಿ ತಾಗಿದರೂ ಕೆಡುತ್ತೆ, ಹೆಪ್ಪುಗಟ್ಟಿದರೂ ಕೆಡುತ್ತೆ, ಕೆಟ್ಟಿದ್ದು ನೋಡಿದರೆ ಗೊತ್ತಾಗಲೇಬೇಕು ಅಂತಿಲ್ಲ. ಅದೂ ಸಾಲದು ಅಂತ ಬಾಟಲಿ ಮೇಲೆ ಯು-40 ಅಂತಿತ್ತು, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್, ತಮ್ಮನ ಹತ್ತಿರ ಇದ್ದದ್ದು ಎಂಎಲ್‌ಗೆ 100 ಯೂನಿಟ್ ಲೆಕ್ಕದಲ್ಲಿ ಗೆರೆ ಹಾಕಿದ ಯು-100 ಸಿರಿಂಜ್. ಆ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಒಳಗೆ ಹೋಗೋದು ಬರೀ 4 ಯೂನಿಟ್. ಬಾಟಲಿಗಳನ್ನು ಮುಟ್ಟಲಿಲ್ಲ.

ಆಮೇಲೆ ಕೆಲಸ ಆಗಿದ್ದು ಆಸ್ಪತ್ರೆಯ ಸಮಾಜ ಸೇವಾ ವಿಭಾಗದಿಂದ. ಹೆಚ್ಚಿನ ಜನ ಆ ಬಾಗಿಲು ತಟ್ಟುವುದೇ ಇಲ್ಲ. ಡಾಕ್ಟರ್ ಪುಟ ಅಲ್ಲೇ ತುಂಬಿಸಿಕೊಟ್ಟರು, ಅರ್ಜಿ ಮಂಜೂರಾಗುವವರೆಗೆ ಬೇಕಾದ ಇನ್ಸುಲಿನ್ನಿಗೂ ದಾರಿ ಮಾಡಿದರು. ಹಳೇ ಹ್ಯೂಮನ್ ಇನ್ಸುಲಿನ್ ಸಾಮಾನ್ಯವಾಗಿ ರಚನೆ ತುಸು ಬದಲಿಸಿ ಮಾಡಿದ ಹೊಸ ಅನಲಾಗ್ ಇನ್ಸುಲಿನ್‌ಗಳಿಗಿಂತ ಅಗ್ಗ ಅಂತ ಗೊತ್ತಾಗಿದ್ದೂ ಅಲ್ಲೇ. ಆದರೆ ಅದು ಕೆಲಸ ಮಾಡುವ ಸಮಯವೇ ಬೇರೆ, ಡಾಕ್ಟರನ್ನು ಕೇಳದೆ ಬದಲಾಯಿಸಬೇಡಿ. ನೆರವು ಒಮ್ಮೆ ಸಿಕ್ಕರೂ ಎಷ್ಟೋ ಕಡೆ ವರ್ಷಕ್ಕೊಮ್ಮೆ ಮತ್ತೆ ಅರ್ಜಿ ಹಾಕಬೇಕು, ಔಷಧಿ ಮುಗಿಯೋ ಮುಂಚೆಯೇ ಶುರುಮಾಡಿ.

ಇಂಥವರಿಗೆ ಈಗಾಗಲೇ ಕಾರ್ಡ್ ಕೊಟ್ಟಿದ್ದರೆ ಅವರನ್ನು ಬೇಡಿಕೊಂಡು ಕೂರಬೇಡಿ. ಸೀದಾ ಬ್ಯಾಂಕಿಗೆ ಹೇಳಿ ಆ ಕಡಿತ ನಿಲ್ಲಿಸಿ, ಕಾರ್ಡ್ ಬದಲಾಯಿಸಿ. ನಾವು “ಬೇಡ” ಅಂತ ಬರೆದು ಕಳಿಸಿದ ಮೇಲೂ ಅವರು ದುಡ್ಡು ಎಳೆಯುತ್ತಲೇ ಇದ್ದರು.