ಹಾರ್ಮೋನ್ ಇಂಜೆಕ್ಷನ್‌ನ ಕೀಲುನೋವಿಗೆ ರಬ್ಬರ್ ಪಟ್ಟಿ: ಯಾವುದನ್ನು ಕೊಳ್ಳಬೇಕು, ಹೇಗೆ ಎಳೆಯಬೇಕು

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಚಿಕಿತ್ಸೆ ಶುರುವಾದ ಮನೆಗಳಲ್ಲಿ ನೋವಿನ ಸಾಮಾನು ತಾನಾಗಿಯೇ ಸೇರಿಕೊಳ್ಳುತ್ತದೆ. ವೊಲಿನಿ, ಮೂವ್, ಮಹಾನಾರಾಯಣ ತೈಲ, ಬಿಸಿನೀರಿನ ಬ್ಯಾಗು, ಒಂದು ಜೊತೆ ನೀ ಕ್ಯಾಪ್, ಯಾರೋ ನೆಂಟರು ತಂದುಕೊಟ್ಟ ಗ್ಲುಕೋಸಮೈನ್ ಡಬ್ಬಿ. ಇವುಗಳಲ್ಲಿ ಕೆಲವು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ, ಕೆಲವು ದುಡ್ಡು ದಂಡ. ನೋವಿನ ಬುಡಕ್ಕೇ ಕೈ ಹಾಕುವ ವಸ್ತು ಮಾತ್ರ ಈ ರಾಶಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದು ಫಿಸಿಯೋಥೆರಪಿಯವರು ಬಳಸುವ ಅಗಲದ ರಬ್ಬರ್ ಪಟ್ಟಿ, ಅಂಗಡಿಯಲ್ಲಿ ಕೇಳುವಾಗ ರೆಸಿಸ್ಟೆನ್ಸ್ ಬ್ಯಾಂಡ್. ಕೆಲವು ನೂರು ರೂಪಾಯಿಗೆ ಸಿಗುವ ಈ ಪಟ್ಟಿಯ ಬಗ್ಗೆಯೇ ಇಲ್ಲಿ ಹೆಚ್ಚು ಮಾತು. ಉಳಿದವನ್ನು ಆಮೇಲೆ ನೋಡೋಣ.

ಲ್ಯೂಪ್ರೊಲೈಡ್, ಗೊಸೆರೆಲಿನ್, ಟ್ರಿಪ್ಟೊರೆಲಿನ್, ಡೆಗರೆಲಿಕ್ಸ್ ಇಂಜೆಕ್ಷನ್ ಇರಲಿ, ವೃಷಣ ತೆಗೆಯುವ ಆಪರೇಷನ್ ಇರಲಿ, ಗುರಿ ಒಂದೇ: ರಕ್ತದಲ್ಲಿ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಡೆಸಿಲೀಟರ್‌ಗೆ 50 ನ್ಯಾನೋಗ್ರಾಂಗಿಂತ ಕೆಳಗಿಳಿಯಬೇಕು. ಗಂಡಸರ ಮೈಯಲ್ಲಿರುವ ಈಸ್ಟ್ರೊಜೆನ್ ತಯಾರಾಗುವುದೂ ಟೆಸ್ಟೋಸ್ಟೆರಾನ್‌ನಿಂದಲೇ. ಹಾಗಾಗಿ ಒಂದು ಇಳಿದರೆ ಎರಡೂ ಇಳಿಯುತ್ತವೆ. ಮುಟ್ಟು ನಿಂತು ಈಸ್ಟ್ರೊಜೆನ್ ಇಳಿದ ಹೆಂಗಸರಿಗೆ ಬೆರಳು, ಮಂಡಿ, ಭುಜ ಹಿಡಿದುಕೊಳ್ಳುವಂತೆಯೇ ಇಲ್ಲೂ ಆಗುತ್ತದೆ, ಜೊತೆಗೆ ಅದೇ ರೀತಿ ಮೈ ಬಿಸಿಯೇರಿ ಬೆವರುವುದೂ ಇರುತ್ತದೆ. ಇದರ ಮೇಲೆ ತೊಡೆಯ ಸ್ನಾಯು ಕರಗಿ ಹೊಟ್ಟೆಯ ಬೊಜ್ಜು ಏರುತ್ತದೆ. ಮಂಡಿಯ ಮೇಲೆ ಭಾರ ಹೆಚ್ಚುತ್ತದೆ, ಆ ಭಾರವನ್ನು ಹಿಡಿಯಬೇಕಾದ ಸ್ನಾಯುವೇ ಕಡಿಮೆಯಾಗುತ್ತದೆ. ಇದೇ ಚಿಕಿತ್ಸೆಯ ಅಬಿರಾಟೆರೋನ್, ಎಂಜಲುಟಮೈಡ್, ಅಪಲುಟಮೈಡ್ ಮಾತ್ರೆಗಳ ಅಡ್ಡಪರಿಣಾಮಗಳ ಪಟ್ಟಿಯಲ್ಲೂ ಕೀಲುನೋವು ಇದೆ. ಮುಲಾಮು ತಲುಪುವುದು ಈ ಸರಪಳಿಯ ಕೊನೆಯ ಕೊಂಡಿಗೆ ಮಾತ್ರ. ಪಟ್ಟಿ ಸ್ನಾಯುವಿಗೆ ತಲುಪುತ್ತದೆ.

ಈ ಮಾತಿಗೆ ಆಧಾರ ಸ್ತನ ಕ್ಯಾನ್ಸರ್ ಕಡೆಯಿಂದ ಬಂದದ್ದು. ಈಸ್ಟ್ರೊಜೆನ್ ಇಳಿಸುವ ಮಾತ್ರೆಯಿಂದ ಕೀಲುನೋವು ಬಂದ 121 ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ದಿನ ಭಾರದ ವ್ಯಾಯಾಮ ಮತ್ತು 150 ನಿಮಿಷ ನಡಿಗೆಯಂಥದ್ದನ್ನು ಒಂದು ವರ್ಷ ಮಾಡಿದವರಲ್ಲಿ ಅತಿ ಹೆಚ್ಚಿನ ನೋವಿನ ಅಂಕ ಶೇ. 29ರಷ್ಟು ಇಳಿಯಿತು. ವ್ಯಾಯಾಮ ಮಾಡದವರಲ್ಲಿ ಇಳಿಯಲಿಲ್ಲ. ಗಂಡಸರಿಗೂ ಇದೇ ಲೆಕ್ಕ ಎಂದು ಹೇಳುವುದು ಅತಿಯಾದೀತು. ಆದರೆ ಮೂಲ ಕಾರಣ ಹತ್ತಿರದ್ದೇ, ಮತ್ತು ಹಾರ್ಮೋನ್ ಚಿಕಿತ್ಸೆಯಲ್ಲಿ ಸ್ನಾಯು ಉಳಿಸಲು ಭಾರದ ವ್ಯಾಯಾಮ ಬೇಕೆಂಬುದರಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯವಿಲ್ಲ. ಪಟ್ಟಿ ಎಳೆಯುವುದೂ ಅದೇ ಬಗೆಯ ವ್ಯಾಯಾಮ.

ಅಂಗಡಿಗೆ ಹೋಗುವ ಮೊದಲು ಒಂದು ತಪಾಸಣೆ ಆಗಬೇಕು. ಹಾರ್ಮೋನ್ ಕೀಲುನೋವು ಸಾಮಾನ್ಯವಾಗಿ ಎರಡೂ ಬದಿಗೆ ಇರುತ್ತದೆ, ಬೆಳಗ್ಗೆ ಎದ್ದಾಗ ಜಾಸ್ತಿ, ಓಡಾಡಿದ ಮೇಲೆ ಸಡಿಲ. ಒಂದೇ ಜಾಗದಲ್ಲಿ ಆಳವಾಗಿ ಕೊರೆಯುವ, ಮಲಗಿದರೂ ಬಿಡದ, ರಾತ್ರಿ ಎಬ್ಬಿಸುವ ನೋವು ಮೂಳೆಗೆ ಹಬ್ಬಿದ ಕ್ಯಾನ್ಸರ್‌ದ್ದಾಗಿರಬಹುದು. ಅದಕ್ಕೆ ಪಟ್ಟಿಯೂ ಬೇಡ, ಮುಲಾಮೂ ಬೇಡ, ಸ್ಕ್ಯಾನ್ ಬೇಕು. ಬೆನ್ನುನೋವಿನ ಜೊತೆ ಕಾಲು ಸೋಲುವುದು, ಜೋಮು ಹಿಡಿಯುವುದು, ಮೂತ್ರ ಅಥವಾ ಮಲ ಹಿಡಿತ ತಪ್ಪುವುದು ಕಂಡರೆ ಅದು ಬೆನ್ನುಹುರಿಯ ಮೇಲಿನ ಒತ್ತಡ. ಮರುದಿನದ ಓಪಿಡಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು, ತಡವಾದಷ್ಟೂ ಕಾಲು ಮರಳಿ ಬರುವುದು ಕಷ್ಟ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡಿಸಬೇಕು. ಮೂಳೆಗೆ ಹಬ್ಬಿದ್ದು ಮೊದಲೇ ಗೊತ್ತಿದ್ದರೆ ವ್ಯಾಯಾಮ ಪೂರ್ತಿ ನಿಷಿದ್ಧವೇನಲ್ಲ, ಆದರೆ ಯಾವ ಮೂಳೆ ಎಂಬುದರ ಮೇಲೆ ಎಲ್ಲ ನಿಂತಿದೆ. ಬೆನ್ನುಮೂಳೆಯಾದರೆ ಪಟ್ಟಿ ಹಿಡಿದು ಬಗ್ಗುವುದು, ತಿರುಚುವುದು ಬೇಡ. ಸೊಂಟ ಅಥವಾ ತೊಡೆಮೂಳೆಯಾದರೆ ಒಂಟಿ ಕಾಲಿನ ಮೇಲೆ ನಿಂತು ಮಾಡುವುದು ಬೇಡ. ಸ್ಕ್ಯಾನ್ ರಿಪೋರ್ಟ್ ನೋಡಿದ ಫಿಸಿಯೋ ಒಬ್ಬರು ಯಾವ ವ್ಯಾಯಾಮ ಮಾಡಬಹುದೆಂದು ಬರೆದುಕೊಟ್ಟ ಮೇಲೆಯೇ ಶುರು ಮಾಡಿ.

ಈಗ ಕೊಳ್ಳುವ ವಿಷಯ. ಮಾರುಕಟ್ಟೆಯಲ್ಲಿ ಮೂರು ಬಗೆ ಇವೆ: ಅಗಲದ ಚಪ್ಪಟೆ ಪಟ್ಟಿ, ಹಿಡಿಕೆ ಇರುವ ಟ್ಯೂಬು, ಚಿಕ್ಕ ಉಂಗುರದಂಥ ಲೂಪು. ಒಂದನ್ನೇ ಕೊಳ್ಳುವುದಾದರೆ ಒಂದೂವರೆಯಿಂದ ಎರಡು ಮೀಟರ್ ಉದ್ದದ ಚಪ್ಪಟೆ ಪಟ್ಟಿ ಕೊಳ್ಳಿ. ಗಂಟು ಹಾಕಿದರೆ ಅದೇ ಲೂಪು. ಜಿಮ್ಮಿನವರಿಗಾಗಿ ಐದು ಲೂಪುಗಳ ಸೆಟ್ ಅಗ್ಗಕ್ಕೆ ಸಿಗುತ್ತದೆ. ಆದರೆ ಅದರಲ್ಲಿ ಮೂರು ಈ ವಯಸ್ಸಿನವರಿಗೆ ಎಳೆಯಲಾಗದಷ್ಟು ಬಿಗಿ, ಭುಜದ ವ್ಯಾಯಾಮಕ್ಕೆ ಉದ್ದವೂ ಸಾಲದು. ಬಣ್ಣ ನೋಡಿ ಮೋಸ ಹೋಗಬೇಡಿ, ಕಂಪನಿಯಿಂದ ಕಂಪನಿಗೆ ಬಣ್ಣದ ಅರ್ಥ ಬೇರೆ. ಥೆರಾಬ್ಯಾಂಡ್ ಕಂಪನಿಯದಾದರೆ ಎರಡು ಪಟ್ಟು ಉದ್ದಕ್ಕೆ ಎಳೆದಾಗ ಹಳದಿ ಸುಮಾರು 1.3 ಕಿಲೋ, ಕೆಂಪು 1.7, ಹಸಿರು 2.1, ನೀಲಿ 2.6, ಕಪ್ಪು 3.3 ಕಿಲೋ ಬಲ ಕೇಳುತ್ತದೆ. ಕೈ ಮತ್ತು ಭುಜಕ್ಕೆ ಕೆಂಪು, ಕಾಲಿಗೆ ಹಸಿರು, ಇವೆರಡರಿಂದ ಬಹುಪಾಲು ಜನ ಶುರು ಮಾಡಬಹುದು. ತೀರಾ ಸೊರಗಿದವರಿಗೆ, ಭುಜ ಎತ್ತಲಾಗದವರಿಗೆ ಹಳದಿ. ಬೇರೆ ಕಂಪನಿಯದಾದರೆ ಡಬ್ಬಿಯ ಮೇಲೆ ಕಿಲೋ ಅಥವಾ ಪೌಂಡ್ ಬರೆದಿರಲೇಬೇಕು. ಬರೀ ಲೈಟ್, ಮೀಡಿಯಂ, ಹೆವಿ ಎಂದಿದ್ದರೆ ಬಿಟ್ಟುಬಿಡಿ. ರಬ್ಬರ್‌ಗೆ ಚರ್ಮ ಕಡಿಯುವವರು ಲೇಟೆಕ್ಸ್ ಇಲ್ಲದ್ದನ್ನು ಕೇಳಿ ಪಡೆಯಬೇಕು.

ಕಟ್ಟುವ ಜಾಗವೇ ಹೆಚ್ಚಿನವರ ಮೊದಲ ತೊಡಕು. ಪಟ್ಟಿಯ ಜೊತೆ ಬರುವ ಬಾಗಿಲ ಆಂಕರ್ ಅನ್ನು ನಿಮ್ಮಿಂದ ಆಚೆಗೆ ತೆರೆಯುವ ಬಾಗಿಲಿಗೆ ಮಾತ್ರ ಹಾಕಬೇಕು. ನಿಮ್ಮ ಕಡೆಗೆ ತೆರೆಯುವ ಬಾಗಿಲಾದರೆ ಎಳೆತವೆಲ್ಲ ಚಿಲಕದ ಮೇಲೆ ಬೀಳುತ್ತದೆ, ಚಿಲಕ ಜಾರಿದರೆ ಬಾಗಿಲು ಮುಖಕ್ಕೇ. ನಮ್ಮ ಮನೆಗಳಲ್ಲಿ ಅದಕ್ಕಿಂತ ಒಳ್ಳೆಯ ಸೌಲಭ್ಯ ಕಿಟಕಿಯ ಸರಳು. ತುಕ್ಕು ಹಿಡಿದ ಸರಳು ರಬ್ಬರ್ ಕೊಯ್ಯುತ್ತದೆ, ಆದ್ದರಿಂದ ಹಳೆಯ ಟವೆಲ್ ಸುತ್ತಿ ಅದರ ಮೇಲೆ ಪಟ್ಟಿ ಹಾಕಿ.

ಮಾಡಬೇಕಾದದ್ದು ಆರು ಚಲನೆ, ಮೊದಲನೆಯದಕ್ಕೆ ಪಟ್ಟಿಯೇ ಬೇಡ. ಗೋಡೆಗೆ ಒತ್ತಿಟ್ಟ, ಜಾರದ ಕುರ್ಚಿಯಲ್ಲಿ ಕೂತು, ಕೈ ಊರದೆ ಎದ್ದು ಕೂರುವುದು. ಏಳಲಾಗದಿದ್ದರೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಎರಡನೆಯದು, ಕೂತಲ್ಲೇ ಮಂಡಿಗಿಂತ ಸ್ವಲ್ಪ ಮೇಲೆ ತೊಡೆಗಳ ಸುತ್ತ ಪಟ್ಟಿ ಕಟ್ಟಿ ಮಂಡಿಗಳನ್ನು ಅಗಲಿಸುವುದು. ಮೂರನೆಯದು, ಕುರ್ಚಿಯ ಹಿಂಗಾಲಿಗೂ ಕಾಲಿನ ಗಿಣ್ಣಿಗೂ ಪಟ್ಟಿ ಕಟ್ಟಿ ಮಂಡಿ ನೆಟ್ಟಗೆ ಮಾಡುವುದು; ಮಂಡಿನೋವಿಗೆ ಅತಿ ಹೆಚ್ಚು ಪ್ರಯೋಜನ ಇದರಿಂದಲೇ. ನಾಲ್ಕನೆಯದು, ಹೊಕ್ಕಳ ಎತ್ತರದಲ್ಲಿ ಸರಳಿಗೆ ಸಿಕ್ಕಿಸಿದ ಪಟ್ಟಿಯನ್ನು ಮೊಣಕೈ ಹಿಂದಕ್ಕೆ ಹೋಗುವಂತೆ ಎಳೆಯುವುದು. ಐದನೆಯದು, ಎದೆಯ ಮುಂದೆ ಪಟ್ಟಿ ಹಿಡಿದು ಎರಡೂ ಕೈ ಅಗಲಿಸುವುದು. ಆರನೆಯದು ಬೆರಳಿಗೆ: ಹೂವಿನ ಅಂಗಡಿಯವರು ಪೊಟ್ಟಣಕ್ಕೆ ಹಾಕುವ ಸಣ್ಣ ರಬ್ಬರ್ ಬ್ಯಾಂಡನ್ನು ಐದೂ ಬೆರಳ ತುದಿಗೆ ಸುತ್ತಿ ಅಂಗೈ ಅರಳಿಸುವುದು. ಇದಕ್ಕೆ ದುಡ್ಡೂ ಬೇಡ.

ಪ್ರಮಾಣ: ಪ್ರತಿ ಚಲನೆ 8ರಿಂದ 15 ಬಾರಿ, ಎರಡು ಸುತ್ತು, ನಡುವೆ ಒಂದೆರಡು ನಿಮಿಷ ವಿಶ್ರಾಂತಿ. ವಾರಕ್ಕೆ ಎರಡು ದಿನ, ಆ ಎರಡರ ನಡುವೆ ಕನಿಷ್ಠ ಒಂದು ದಿನ ಬಿಡುವು. ಉಳಿದ ದಿನಗಳಲ್ಲಿ ಮೂರು ದಿನವಾದರೂ ಅರ್ಧ ಗಂಟೆ ಚುರುಕಾದ ನಡಿಗೆ. ಎಳೆಯಲು ಎರಡು ಸೆಕೆಂಡ್, ಬಿಡಲು ನಾಲ್ಕು. ಎಳೆದು ಪಟ್ಟನೆ ಬಿಟ್ಟುಬಿಡುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ಅರ್ಧ ಕೆಲಸ ಹೋಯಿತು, ಕೀಲಿಗೆ ಜಗ್ಗಾಟ ಬೇರೆ. ಉಸಿರು ಬಿಗಿಹಿಡಿದು ಎಳೆದರೆ ಬಿಪಿ ಏರುತ್ತದೆ, ಅಬಿರಾಟೆರೋನ್ ನುಂಗುವವರಲ್ಲಿ ಅದು ಮೊದಲೇ ಏರುವ ಸಾಧ್ಯತೆ ಇರುತ್ತದೆ. ಹದಿನೈದನೆಯ ಎಳೆತ ಕಷ್ಟವಾಗಬೇಕು, ಕೈ ನಡುಗಬಾರದು. ಎರಡು ಸಲ ಸತತವಾಗಿ ಹದಿನೈದೂ ಸಲೀಸಾದರೆ ಮುಂದಿನ ಬಣ್ಣಕ್ಕೆ ಹೋಗಿ. ಹಳದಿಯಲ್ಲೇ ವರ್ಷವಿಡೀ ಉಳಿದರೆ ಸ್ನಾಯು ಬೆಳೆಯದು.

ಸಮಯ ಹತ್ತು ಗಂಟೆಯ ಮೇಲೆ, ಬಿಸಿನೀರ ಸ್ನಾನ ಮುಗಿದು ಸೆಟೆತ ಸಡಿಲವಾದ ಮೇಲೆ ಒಳ್ಳೆಯದು. ಮಾಡುವಾಗ ಹತ್ತಕ್ಕೆ ಮೂರು ನಾಲ್ಕರಷ್ಟು ನೋವು ಬಂದರೆ ಅಂಜಬೇಕಿಲ್ಲ. ಮರುದಿನ ಬೆಳಗ್ಗೆಯೂ ಅದು ಇಳಿದಿಲ್ಲ, ಮಂಡಿ ಊದಿದೆ, ಮುಟ್ಟಿದರೆ ಬಿಸಿ ಎಂದಾದರೆ ಬಣ್ಣ ಒಂದು ಮೆಟ್ಟಿಲು ಇಳಿಸಿ. ಮೂಳೆ ಗಟ್ಟಿ ಉಳಿಸಲು ಕೊಡುವ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ ಹಾಕಿಸಿಕೊಂಡ ಮೇಲೆ ಎರಡು ಮೂರು ದಿನ ಜ್ವರ, ಮೈಕೈ ನೋವು ಬರುವುದುಂಟು. ಆ ದಿನಗಳಲ್ಲಿ ಪಟ್ಟಿ ಗೂಡಲ್ಲಿರಲಿ. ಬಲ ಬಂದದ್ದು ಆರರಿಂದ ಎಂಟು ವಾರಕ್ಕೆ ಗೊತ್ತಾಗುತ್ತದೆ. ನೋವು ಇಳಿಯುವುದು ಅದಕ್ಕಿಂತ ನಿಧಾನ.

ಪಟ್ಟಿಯ ದೋಷಗಳೂ ಇವೆ. ಬೆರಳು ಹಿಡಿದುಕೊಂಡವರಿಗೆ ತೆಳು ರಬ್ಬರನ್ನು ಬಿಗಿಯಾಗಿ ಹಿಡಿಯುವುದೇ ನೋವು. ಹಿಡಿಯಬೇಡಿ, ಅಂಗೈಗೆ ಎರಡು ಸುತ್ತು ಸುತ್ತಿ ಬೆರಳು ತೆರೆದಿಟ್ಟು ಎಳೆಯಿರಿ, ಇಲ್ಲವೇ ಬಟ್ಟೆಯ ಹಿಡಿಕೆ ಬೇರೆ ಕೊಳ್ಳಿ. ಲುಂಗಿ, ಪಂಚೆಯ ಮೇಲೆ ಪಟ್ಟಿ ನಿಲ್ಲುವುದಿಲ್ಲ. ಬರಿ ತೊಡೆಗೆ ಕಟ್ಟಿದರೆ ಕೂದಲು ಕಿತ್ತು ಬರುತ್ತದೆ. ಪೈಜಾಮವೇ ಸರಿ. ಕರಾವಳಿಯ ಸೆಖೆಯಲ್ಲಿ ರಬ್ಬರ್ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಒರೆಸಿ ಪೌಡರ್ ಹಾಕಿ ಸುರುಳಿ ಸುತ್ತಿಡಿ. ಬಿಸಿಲಿಗೆ ಒಣಹಾಕಬಾರದು. ಎಣ್ಣೆ ರಬ್ಬರಿನ ಶತ್ರು: ತೈಲ ಅಥವಾ ಮುಲಾಮು ತಿಕ್ಕಿದ ಕೈಯಲ್ಲಿ ಎಳೆದರೆ ಕೆಲವೇ ವಾರಗಳಲ್ಲಿ ಪಟ್ಟಿ ಹಾಳಾಗುತ್ತದೆ. ಅಂಚಿನಲ್ಲಿ ಸಣ್ಣ ಕಚ್ಚು ಕಂಡರೂ ಬಿಸಾಡಿ, ಹರಿದ ತುದಿ ಹಾರುವುದು ಕಣ್ಣಿಗೇ.

ಉಳಿದ ಸಾಮಾನುಗಳಲ್ಲಿ ಡೈಕ್ಲೊಫೆನಾಕ್ ಜೆಲ್‌ಗೆ ಒಳ್ಳೆಯ ಅಂಕ. ಮಂಡಿ, ಬೆರಳಿನಂಥ ಮೇಲ್ಮೈ ಕೀಲಿಗೆ ಅದು ಕೆಲಸ ಮಾಡುತ್ತದೆ. ಸೊಂಟದಂಥ ಆಳದ ಕೀಲಿಗೆ ತಲುಪದು. ರಕ್ತಕ್ಕೆ ಸೇರುವುದು ಮಾತ್ರೆಯ ಶೇ. 6ರಷ್ಟು ಮಾತ್ರ, ಆದ್ದರಿಂದ ಹೊಟ್ಟೆಗೂ ಕಿಡ್ನಿಗೂ ಮಾತ್ರೆಗಿಂತ ಕ್ಷೇಮ. ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಕಡಲೆಕಾಳಿನಷ್ಟು ಹಚ್ಚಿದವರು. ಒಂದು ಮಂಡಿಗೆ ಪ್ರತಿ ಸಲ 4 ಗ್ರಾಂ ಬೇಕು, ಅಂದರೆ ಸುಮಾರು 11 ಸೆಂಟಿಮೀಟರ್ ಉದ್ದದ ಗೆರೆ. ಎರಡು ಮಂಡಿಗೆ ದಿನಕ್ಕೆ ಮೂರು ಸಲ ಹಚ್ಚಿದರೆ 24 ಗ್ರಾಂ, 30 ಗ್ರಾಂ ಟ್ಯೂಬು ಮರುದಿನಕ್ಕೆ ಖಾಲಿ. ಜನೌಷಧಿ ಕೇಂದ್ರದಲ್ಲಿ ಕೊಂಡರೆ ಈ ಲೆಕ್ಕ ಸಹಿಸಬಹುದು. ಹಚ್ಚಿದ ಮೇಲೆ ಬಿಸಿ ಶಾಖ ಕೊಡಬಾರದು. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರು ಮೀಥೈಲ್ ಸ್ಯಾಲಿಸಿಲೇಟ್ ಇರುವ ಘಾಟಿನ ಮುಲಾಮುಗಳಿಂದ ದೂರವಿರಬೇಕು.

ಕೈಬೆರಳಿನ ಸೆಟೆತಕ್ಕೆ ಫಿಸಿಯೋ ಕ್ಲಿನಿಕ್ಕಿನ ಮೇಣದ ಸ್ನಾನ ಬಿಸಿನೀರಿನ ಬ್ಯಾಗಿಗಿಂತ ಎಷ್ಟೋ ಮೇಲು: 52ರಿಂದ 54 ಡಿಗ್ರಿಯ ಮೇಣದಲ್ಲಿ ಆರೆಂಟು ಸಲ ಅದ್ದಿ, ಪ್ಲಾಸ್ಟಿಕ್ ಮತ್ತು ಟವೆಲ್ ಸುತ್ತಿ ಹದಿನೈದು ಇಪ್ಪತ್ತು ನಿಮಿಷ. ಬಿಸಿ ಕೈಗಷ್ಟೇ ಇರುವುದರಿಂದ ಮೈ ಬೆವರುವ ಕಾಟ ಕೆರಳುವುದು ಕಡಿಮೆ. ಡಯಾಬಿಟಿಸ್ ಅಥವಾ ಡೊಸಿಟಾಕ್ಸೆಲ್ ಕೀಮೋದಿಂದ ಸ್ಪರ್ಶ ಮಂದವಾದವರು ಇದನ್ನೂ ಬಿಡಬೇಕು, ಸುಟ್ಟದ್ದು ಗೊತ್ತೇ ಆಗುವುದಿಲ್ಲ. ನೀ ಕ್ಯಾಪ್ ಮೆಟ್ಟಿಲು ಹತ್ತುವಾಗ, ಬಸ್ಸಿನ ಪ್ರಯಾಣದಲ್ಲಿ ಸರಿ, ದಿನವಿಡೀ ಬೇಡ. ವಸ್ತಿಕುಹರದ, ಅಂದರೆ ಕಿಬ್ಬೊಟ್ಟೆಯ ಭಾಗದ ರೇಡಿಯೇಷನ್ ಆಗಿ ಕಾಲು ಊದುವವರಿಗೆ ಬಿಗಿ ಕ್ಯಾಪ್ ಇನ್ನಷ್ಟು ಊತ ತರುತ್ತದೆ.

ಗ್ಲುಕೋಸಮೈನ್‌ಗೆ ದುಡ್ಡು ಸುರಿಯುವ ಬದಲು ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಅದರ ಕೊರತೆಯೂ ಮೈಕೈ ನೋವು ತರುತ್ತದೆ, ಹಾರ್ಮೋನ್ ಚಿಕಿತ್ಸೆಯಲ್ಲಿ ಮೂಳೆ ತೆಳುವಾಗುವುದರಿಂದ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಹೇಗೂ ಬೇಕು. ಶಕ್ತಿ ಬರುತ್ತದೆಂದು ಅಶ್ವಗಂಧ, ಶಿಲಾಜಿತು, ಪುರುಷತ್ವದ ಪುಡಿಗಳನ್ನು ತರುವುದಂತೂ ಬೇಡವೇ ಬೇಡ: ಇಂಜೆಕ್ಷನ್ ಯಾವ ಹಾರ್ಮೋನನ್ನು ಇಳಿಸುತ್ತಿದೆಯೋ ಅದನ್ನೇ ಏರಿಸುತ್ತೇವೆಂದು ಇವು ಮಾರಾಟವಾಗುವುದು. ಮಾತ್ರೆಯಲ್ಲಿ ಮೊದಲ ಆಯ್ಕೆ ಪ್ಯಾರಾಸಿಟಮಾಲ್, ಲಿವರ್ ಸರಿಯಿದ್ದರೆ. ಎಂಜಲುಟಮೈಡ್ ಅಥವಾ ಅಪಲುಟಮೈಡ್ ನುಂಗುವವರು ಟ್ರಮಡಾಲ್ ಬೆರೆತ ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ನೇರ ಕೊಳ್ಳಬಾರದು, ಎರಡೂ ಸೇರಿದರೆ ಫಿಟ್ಸ್ ಬರುವ ಅಪಾಯ ಹೆಚ್ಚುತ್ತದೆ. ಅಲ್ಟ್ರಾಸೆಟ್‌ನಂಥ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಇರುವುದು ಇದೇ ಟ್ರಮಡಾಲ್. ಮಾತ್ರೆಯ ಹಾಳೆಯ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ.