ಚರ್ಮಕ್ಕೆಂದು 8 ತಿಂಗಳು ನುಂಗಿದ ಪ್ರೊಬಯಾಟಿಕ್: ಮೊಡವೆಗೆ ಎರಡು ಸ್ಟಾರ್, ಹೊಟ್ಟೆಗೆ ನಾಲ್ಕು

ದಾವಣಗೆರೆಯಲ್ಲಿ ಮುಖದ ಮೇಲೆ ಒಂದು ಮೊಡವೆ ಎದ್ದರೆ ಸಾಕು, ಸಿಕ್ಕವರೆಲ್ಲ ಬೆಣ್ಣೆ ದೋಸೆ ಬಿಡು ಅನ್ನುತ್ತಾರೆ. ನನಗೆ ಗದ್ದದ ಸುತ್ತ ಎದ್ದಿದ್ದು ಹತ್ತು ಹನ್ನೆರಡು. ಒಂದು ತಿಂಗಳು ದೋಸೆ ಬಿಟ್ಟೂ ನೋಡಿದೆ, ಬಾಯಿ ಚಪಲ ಜಾಸ್ತಿ ಆಯಿತು ಅಷ್ಟೇ. ಆಮೇಲೆ ಹೊಟ್ಟೆ ಸರಿ ಇದ್ದರೆ ಚರ್ಮ ಹೊಳೆಯುತ್ತದೆ ಅನ್ನುವ ಜಾಹೀರಾತಿಗೆ ಮರುಳಾಗಿ ಈ ಪ್ರೊಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದು ಅನ್ನುವ ಜೀವಂತ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸುಲ್, ತರಿಸಿದೆ. 30 ಕ್ಯಾಪ್ಸುಲ್‌ಗೆ 640 ರೂಪಾಯಿ.

ಒಳಗಿರುವುದು ಒಂದೇ ತಳಿ, ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ. ಡಬ್ಬಿ ಮೇಲೆ 5 ಬಿಲಿಯನ್ ಸಿಎಫ್‌ಯು ಅಂತ ದಪ್ಪಕ್ಷರ, ಅಂದರೆ ಒಂದು ಕ್ಯಾಪ್ಸುಲ್‌ನಲ್ಲಿ ಸುಮಾರು 500 ಕೋಟಿ ಜೀವಂತ ಬ್ಯಾಕ್ಟೀರಿಯಾ. ಕೆಳಗೆ ಇರುವೆಯಂಥ ಅಕ್ಷರದಲ್ಲಿ "ತಯಾರಾದಾಗ" ಅಂತಿದೆ. ನಮ್ಮ ಕೈಗೆ ಬರುವ ಹೊತ್ತಿಗೆ ಎಷ್ಟು ಉಳಿದಿರುತ್ತವೆ ಅಂತ ಎಲ್ಲೂ ಇಲ್ಲ. 25 ಡಿಗ್ರಿ ಒಳಗೆ ಇಡಿ ಅಂತಲೂ ಬರೆದಿದ್ದಾರೆ, ಆದರೆ ಏಪ್ರಿಲ್‌ನಲ್ಲಿ ಬಂದ ಪಾರ್ಸೆಲ್ ಮುಟ್ಟಿದರೆ ಆಗ ತಾನೇ ಒಲೆಯಿಂದ ಇಳಿಸಿದ ಹಾಗಿತ್ತು. ಬದಲಾಯಿಸಿ ಕೊಡಿ ಅಂದೆ, ಆಗಲ್ಲ ಅಂದರು.

ಜೀವ ಇದೆಯೋ ಇಲ್ಲವೋ ನೋಡೋಣ ಅಂತ ಒಂದು ಕ್ಯಾಪ್ಸುಲ್ ಬಿಡಿಸಿ ಉಗುರು ಬೆಚ್ಚಗಿನ ಹಾಲಿಗೆ ಹಾಕಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಹಾಲು ಹಾಲಾಗೇ ಇತ್ತು. ಪಕ್ಕದಲ್ಲಿ ಅಮ್ಮ ಒಂದು ಚಮಚ ಹೆಪ್ಪು ಹಾಕಿದ್ದ ಪಾತ್ರೆಯಲ್ಲಿ ಗಟ್ಟಿ ಮೊಸರು. "640 ರೂಪಾಯಿಯ ಹೆಪ್ಪು ನೋಡಮ್ಮಾ" ಅಂತ ಅಮ್ಮ ನಕ್ಕಿದ್ದು ಇನ್ನೂ ಮುಗಿದಿಲ್ಲ. ಆಮೇಲೆ ಓದಿದಾಗ ಗೊತ್ತಾಯಿತು, ಈ ತಳಿಗೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಹುಳಿ ಮಾಡಲು ಬರುವುದೇ ಇಲ್ಲವಂತೆ. ಅಲ್ಲಿಗೆ ನನ್ನ ಪರೀಕ್ಷೆಯೇ ದಂಡ.

ಮೊದಲ ಎರಡು ತಿಂಗಳು ಬರೀ ಕ್ಯಾಪ್ಸುಲ್. ಮೊಡವೆ ಅಲ್ಲಾಡಲಿಲ್ಲ. ಮೂರನೇ ತಿಂಗಳು ಚರ್ಮದ ಡಾಕ್ಟರ್ ಅಡಾಪಲಿನ್ ಜೆಲ್, ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯಾಟಿಕ್ ಮಾತ್ರೆ ಬರೆದರು. ಐದನೇ ತಿಂಗಳ ಹೊತ್ತಿಗೆ ಗದ್ದ ನುಣ್ಣಗಾಗುತ್ತಾ ಬಂತು. ಜೆಲ್ ಕೆಲಸ ಮಾಡುವುದಕ್ಕೆ 8ರಿಂದ 12 ವಾರ ಬೇಕು, ಲೆಕ್ಕ ಸರಿ ಹೋಗುತ್ತದೆ, ಹಾಗಾಗಿ ಆ ಶ್ರೇಯವನ್ನು ಕ್ಯಾಪ್ಸುಲ್‌ಗೆ ಕೊಡಲು ನನಗೆ ಮನಸ್ಸಿಲ್ಲ. ಆದರೆ ಮಾತ್ರೆ ಶುರುವಾದ ಮೇಲೆ ಹೊಟ್ಟೆ ಕೆಟ್ಟು ದಿನಕ್ಕೆ ನಾಲ್ಕು ಸಲ ಓಡುತ್ತಿದ್ದೆ. ಡಾಕ್ಟರೇ ಎರಡು ಗಂಟೆ ಅಂತರ ಬಿಟ್ಟು ಕ್ಯಾಪ್ಸುಲ್ ಮುಂದುವರಿಸು ಅಂದರು, ವಾರದಲ್ಲಿ ಸರಿ ಹೋಯಿತು.

ಮೊಣಕೈ ಮಡಿಕೆಯಲ್ಲಿ ಚಿಕ್ಕಂದಿನಿಂದ ಇರುವ ಇಸುಬು ಮಾತ್ರ ಹಾಗೇ ಇದೆ, ಚಳಿಗಾಲದಲ್ಲಿ ಅದೇ ಕೆರೆತ. ಇಸುಬಿಗೂ ಒಳ್ಳೆಯದು ಅನ್ನಲು ಜಾಹೀರಾತಿನವರು ಫಿನ್ಲೆಂಡಿನ ಅಧ್ಯಯನ ತೋರಿಸುತ್ತಾರಲ್ಲ, 2001ರದ್ದು, ಅದರಲ್ಲಿ ಇದೇ ತಳಿಯನ್ನು ಹೆರಿಗೆಗೆ ಮುಂಚೆ ತಾಯಂದಿರಿಗೆ, ಆಮೇಲೆ ಶಿಶುಗಳಿಗೆ ಕೊಟ್ಟು ಇಸುಬು ಬರದಂತೆ ತಡೆಯಬಹುದಾ ಅಂತ ನೋಡಿದ್ದು. ಬಂದ ಇಸುಬನ್ನು ವಾಸಿ ಮಾಡಿದ್ದಲ್ಲ! ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2018ರ ಕಾಕ್ರೇನ್ ವಿಮರ್ಶೆಯಂತೂ ಇಸುಬಿನ ಲಕ್ಷಣಗಳಿಗೆ ಪ್ರೊಬಯಾಟಿಕ್‌ನಿಂದ ಹೆಚ್ಚೇನೂ ವ್ಯತ್ಯಾಸ ಆಗಲ್ಲ ಅಂತಲೇ ಹೇಳಿದೆ.

ತಗೊಳ್ಳಲೇಬೇಕು ಅನ್ನುವವರು ಬೇಸಿಗೆಯಲ್ಲಿ ಆನ್‌ಲೈನ್‌ನಲ್ಲಿ ತರಿಸಬೇಡಿ, ತಣ್ಣಗೆ ಇಟ್ಟಿರುವ ಮೆಡಿಕಲ್ ಶಾಪಿನಿಂದ ತನ್ನಿ. ನಾನು ನಿಲ್ಲಿಸಿ ಆರು ವಾರ ಆಯಿತು, ಜೆಲ್ ಹಚ್ಚುತ್ತಿದ್ದೇನೆ, ದೋಸೆಯೂ ನಡೆದಿದೆ. ಉಳಿದ 11 ಕ್ಯಾಪ್ಸುಲ್ ಫ್ರಿಜ್ಜಿನಲ್ಲಿ ಅಮ್ಮನ ಹೆಪ್ಪಿನ ಬಟ್ಟಲ ಪಕ್ಕ ಕೂತಿವೆ.